ಕಲಿತದ್ದು ಏನು, ಮಾಡುವುದು ಏನು?

(ಕೃಷಿ ಪದವಿ ಮುಗಿಸಿ ಬಂದ ವಿದ್ಯಾರ್ಥಿನಿಯೊಬ್ಬರು ತಮ್ಮ ಊರಿನ ರೈತರ ಸಭೆಯಲ್ಲಿ ಮಾಡಿದ ಭಾಷಣ)



ನಾಲ್ಕು ವರ್ಷಗಳ ಹಿಂದೆ ಇದೇ ಅರಳಿಕಟ್ಟೆಯ ಬಳಿ ಬಸ್ಸು ಹತ್ತಿ ಬೆಂಗಳೂರಿಗೆ ಹೋದವಳು ನಾನು. ಈಗ ಕೃಷಿ ಪದವಿ ಮುಗಿಸಿ ಬಂದಿದ್ದೇನೆ. ಹುಡುಗಿ ಏನು ಕಲಿತಳು, ಮುಂದೆ ಏನು ಮಾಡುತ್ತಾಳೆ ಎಂದು ತಾವು ನಮ್ಮ ತಂದೆಯವರನ್ನು ಕೇಳುತ್ತಲೇ ಇದ್ದೀರಿ. ಆ ಎರಡು ಪ್ರಶ್ನೆಗಳಿಗೂ ನಾನೇ ಉತ್ತರ ಹೇಳಲೆಂದು ಅಧ್ಯಕ್ಷರು ಈ ಅವಕಾಶ ಕೊಟ್ಟಿದ್ದಾರೆ. ಅವರಿಗೆ ನನ್ನ ವಂದನೆಗಳು.

ಮೊದಲು ಒಂದು ಋಣವನ್ನು ನೆನೆಯುತ್ತೇನೆ. ಕೃಷಿಕರ ಮಕ್ಕಳಿಗೆಂದು ಮೀಸಲಿಟ್ಟ ಸ್ಥಾನಕ್ಕೆ ಒಂದು ಪ್ರಾಯೋಗಿಕ ಪರೀಕ್ಷೆ ಉಂಟು. ಅಲ್ಲಿ ಕಾಳುಗಳನ್ನೂ ಬೇಸಾಯದ ಉಪಕರಣಗಳನ್ನೂ ಮುಂದಿಟ್ಟು ಇದೇನು, ಅದೇನು ಎಂದು ಕೇಳುತ್ತಾರೆ. ಅದಕ್ಕೆ ಯಾವ ಪುಸ್ತಕವನ್ನೂ ನಾನು ಓದಿರಲಿಲ್ಲ. ತಾಯಿಯ ಜೊತೆ ಕಳೆ ಕಿತ್ತು, ಕಣದಲ್ಲಿ ರಾಗಿ ತೂರಿ, ಅಕ್ಕಡಿ ಸಾಲಿನ ಅವರೆ ತೊಗರಿ ಬಿಡಿಸಿದ್ದೇ ನನ್ನ ಓದು. ಈ ಊರಿನ ಹೊಲಗಳೇ ನನ್ನನ್ನು ಕಾಲೇಜಿನ ಬಾಗಿಲು ದಾಟಿಸಿದವು.

ನಾನು ಓದಿದ ವಿಶ್ವವಿದ್ಯಾನಿಲಯದ ಕತೆಯೂ ಒಂದು ಹೊಲದಿಂದಲೇ ಆರಂಭವಾಗುತ್ತದೆ. 1899ರಲ್ಲಿ ಮೈಸೂರಿನ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಹೆಬ್ಬಾಳದಲ್ಲಿ 30 ಎಕರೆ ಭೂಮಿಯನ್ನು ಬೇಸಾಯದ ಪ್ರಯೋಗಗಳಿಗಾಗಿ ಕೊಟ್ಟರು. 1946ರಲ್ಲಿ ಅಲ್ಲಿ ಕೃಷಿ ಕಾಲೇಜು ಬಂತು. 1964ರಲ್ಲಿ ಕೃಷಿ ವಿಶ್ವವಿದ್ಯಾನಿಲಯವಾಯಿತು. ನಾವು ಬಿತ್ತುವ ರಾಗಿಗೂ ಇಂಥ ಪ್ರಯೋಗದ ಹೊಲಗಳಿಗೂ ನಂಟುಂಟು. ಲಕ್ಷ್ಮಣಯ್ಯನವರು ನಮ್ಮ ನಾಡಿನ ರಾಗಿಯನ್ನೂ ಆಫ್ರಿಕದ ರಾಗಿಯನ್ನೂ ಕೂಡಿಸಿ ‘ಇಂಡಾಫ್’ ತಳಿಗಳನ್ನು ತಂದರು. ಅವುಗಳ ಹೆಸರು ಇಲ್ಲಿರುವ ಹಿರಿಯರಿಗೆ ತಿಳಿದೇ ಇದೆ. ಆ ತಳಿಗಳ ಒಂದು ಬೇರು ನಮ್ಮ ರೈತರು ತಲೆಮಾರುಗಳಿಂದ ಆರಿಸಿ ಉಳಿಸಿಕೊಂಡು ಬಂದ ರಾಗಿಯಲ್ಲಿಯೇ ಇದೆ. ರೈತನ ಬೀಜ ವಿಜ್ಞಾನಿಯ ಕೈಗೆ ಹೋಗಿ, ಮತ್ತೆ ರೈತನ ಹೊಲಕ್ಕೆ ಮರಳಿತು.

ಇನ್ನು ನಾನು ಕಲಿತ ವಿಷಯಕ್ಕೆ ಬರುತ್ತೇನೆ. ನನಗೆ ಎಲ್ಲಕ್ಕಿಂತ ದೊಡ್ಡ ಪಾಠ ಕಲಿಸಿದ್ದು ನಾನೇ ಮಾಡಿದ ಒಂದು ತಪ್ಪು. ಅದನ್ನು ಮುಚ್ಚಿಡದೆ ಹೇಳುತ್ತೇನೆ.

ಕೊನೆಯ ವರ್ಷದಲ್ಲಿ ನಮ್ಮನ್ನು ಗ್ರಾಮೀಣ ಕಾರ್ಯಾನುಭವಕ್ಕೆಂದು ಹಳ್ಳಿಗಳಿಗೆ ಕಳುಹಿಸುತ್ತಾರೆ. ನನ್ನ ಪಾಲಿಗೆ ಪಾವಗಡದ ಕಡೆಯ ಒಂದು ಹಳ್ಳಿ ಬಂತು. ಅಲ್ಲೊಬ್ಬ ರೈತರ ಕಡಲೆಕಾಯಿ ಹೊಲದ ಒಂದು ಮೂಲೆ ಹಳದಿಯಾಗಿತ್ತು. ನಾನು ಬದುವಿನ ಮೇಲೆ ನಿಂತೇ ನೋಡಿ, “ಸಾರಜನಕ ಸಾಲದು, ಯೂರಿಯಾ ಹಾಕಿ” ಎಂದೆ. ಓದಿದ ಹುಡುಗಿ ಹೇಳಿದಳೆಂದು ಅವರು ಸಾಲದಲ್ಲಿ ಮೂಟೆ ತಂದು ಹಾಕಿದರು. ಹತ್ತು ದಿನವಾದರೂ ಹಸಿರು ಬರಲಿಲ್ಲ. ಕಳೆ ಮಾತ್ರ ಸೊಂಪಾಗಿ ಬೆಳೆಯಿತು.

ಆಗ ಆ ಮನೆಯ ಅಜ್ಜಿ ನನ್ನ ಕೈ ಹಿಡಿದು ಹೊಲದೊಳಕ್ಕೆ ಕರೆದುಕೊಂಡು ಹೋಗಿ, “ನೋಡವ್ವಾ, ಕೆಳಗಿನ ಎಲೆ ಹಸಿರಾಗೇ ಐತೆ, ಕುಡಿ ಎಲೆ ಹಳದಿ. ಹೊಟ್ಟೆಗಿಲ್ಲದಿದ್ದರೆ ಮನೇಲಿ ಮೊದಲು ಸೊರಗೋದು ದೊಡ್ಡೋರಲ್ವಾ? ಇದು ಅದಲ್ಲ” ಎಂದರು.

ನನಗೆ ನಾಚಿಕೆಯಾಯಿತು. ಏಕೆಂದರೆ ಇದೇ ಮಾತನ್ನು ನಾನು ಪುಸ್ತಕದಲ್ಲಿ ಓದಿ ಪರೀಕ್ಷೆಯಲ್ಲಿ ಬರೆದಿದ್ದೆ. ಸಾರಜನಕ ಕಡಮೆಯಾದರೆ ಗಿಡವು ಹಳೆಯ ಎಲೆಯಲ್ಲಿರುವುದನ್ನು ತೆಗೆದು ಕುಡಿಗೆ ಕೊಡುತ್ತದೆ. ಬರಗಾಲದಲ್ಲಿ ತಾಯಿತಂದೆಯರು ತಮ್ಮ ತುತ್ತನ್ನು ಮಕ್ಕಳಿಗೆ ಕೊಡುವ ಹಾಗೆ. ಆದ್ದರಿಂದ ಕೆಳಗಿನ ಎಲೆ ಮೊದಲು ಹಳದಿಯಾಗುತ್ತದೆ. ಕಬ್ಬಿಣದ ಅಂಶ ಹಾಗೆ ಎಲೆಯಿಂದ ಎಲೆಗೆ ಸಾಗುವುದಿಲ್ಲ. ಅದು ಸಾಲದಿದ್ದರೆ ಕುಡಿ ಎಲೆಯೇ ಮೊದಲು ಹಳದಿಯಾಗಿ, ನರಗಳು ಮಾತ್ರ ಹಸಿರಾಗಿ ಉಳಿಯುತ್ತವೆ. ಸುಣ್ಣದ ಅಂಶ ಹೆಚ್ಚಿರುವ ನೆಲದಲ್ಲಿ ಮಣ್ಣಿನಲ್ಲಿ ಕಬ್ಬಿಣವಿದ್ದರೂ ಬೇರಿಗೆ ದಕ್ಕುವುದಿಲ್ಲ. ಆ ಮೂಲೆಯ ನೆಲ ಅಂಥದು. ಅಲ್ಲದೆ ಕಡಲೆಕಾಯಿ ತನ್ನ ಬೇರಿನ ಗಂಟುಗಳ ಮೂಲಕ ಗಾಳಿಯ ಸಾರಜನಕವನ್ನು ತಾನೇ ಪಡೆಯುವ ಬೆಳೆ.

ಮೇಷ್ಟರನ್ನು ಕೇಳಿ, ಒಂದು ಲೀಟರು ನೀರಿಗೆ 5 ಗ್ರಾಂ ಅನ್ನಭೇದಿ, 1 ಗ್ರಾಂ ಸಿಟ್ರಿಕ್ ಆಮ್ಲದಂತೆ ಬೆರೆಸಿ ಎಲೆಗಳ ಮೇಲೆ ಸಿಂಪಡಿಸಿದೆವು. ಕೆಲವು ದಿನಗಳ ಮೇಲೆ ಇನ್ನೊಮ್ಮೆ ಸಿಂಪಡಿಸಿದೆವು. ಹೊಸ ಎಲೆಗಳು ಹಸಿರಾಗಿ ಬಂದವು. ಯೂರಿಯಾದ ಹಣ ಮಾತ್ರ ಹಿಂದಕ್ಕೆ ಬರಲಿಲ್ಲ. ನಾನು ಕ್ಷಮೆ ಕೇಳಿದಾಗ ಆ ರೈತರು, “ನೀನು ಇಲ್ಲಿ ಕಲಿತೆಯಲ್ಲ, ನಿಮ್ಮೂರಲ್ಲಿ ಹೀಗೆ ಮಾಡಬೇಡ” ಎಂದಷ್ಟೇ ಹೇಳಿದರು.

ಬಂಧುಗಳೇ, ನಾಲ್ಕು ವರ್ಷಗಳಲ್ಲಿ ನಾನು ಬೆಳೆದದ್ದು ಎಂದರೆ ಇಷ್ಟೇ: ಬದುವಿನ ಮೇಲೆ ನಿಂತು ಹೇಳಬಾರದು, ಹೊಲಕ್ಕೆ ಇಳಿದು ನೋಡಬೇಕು. ಏಕೆ ಹೀಗಾಯಿತೆಂದು ಕಾಲೇಜು ತಿಳಿಸುತ್ತದೆ. ಎಲ್ಲಿ ಹೀಗಾಗುತ್ತದೆಂದು ಆ ಹೊಲದಲ್ಲಿ ನಡೆದಾಡಿದವರಿಗೆ ಗೊತ್ತು. ಇಬ್ಬರೂ ಕೂಡಿದರೆ ಹಣವೂ ಉಳಿಯುತ್ತದೆ, ಬೆಳೆಯೂ ಉಳಿಯುತ್ತದೆ.

ಇನ್ನು ಎರಡನೆಯ ಪ್ರಶ್ನೆ. ನನ್ನ ಓದಿಗಾಗಿ ತಂದೆಯವರು ಸಾಲ ಮಾಡಿದ್ದಾರೆ. ನೌಕರಿ ಹಿಡಿದರೆ ಸಾಲ ತೀರುತ್ತದೆ ಎನ್ನುವವರ ಮಾತು ಸುಳ್ಳಲ್ಲ. ಆದ್ದರಿಂದ ಸರ್ಕಾರಿ ನೌಕರಿಯ ಪರೀಕ್ಷೆಗೂ ನಾನು ಓದುತ್ತಿದ್ದೇನೆ. ಆದರೆ ಎರಡು ವರ್ಷ ನಮ್ಮ ಮೂರು ಎಕರೆಯಲ್ಲಿ ಒಂದು ಎಕರೆಯ ಬೇಸಾಯವನ್ನು ನನಗೆ ಬಿಟ್ಟುಕೊಡಿ ಎಂದು ಕೇಳಿದೆ. ತಂದೆಯವರು ಒಂದು ರಾತ್ರಿ ಏನೂ ಹೇಳಲಿಲ್ಲ. ಬೆಳಿಗ್ಗೆ, “ತಗೋ, ಆದರೆ ಲೆಕ್ಕ ಬರೆದಿಡು” ಎಂದರು.

ಆ ಒಂದು ಎಕರೆಯನ್ನು ಎರಡು ಪಾಲು ಮಾಡುತ್ತೇನೆ. ಎರಡಕ್ಕೂ ಒಂದೇ ರಾಗಿ ಬೀಜ, ಒಂದೇ ಹದದಲ್ಲಿ ಬಿತ್ತನೆ. ಒಂದು ಪಾಲಿನಲ್ಲಿ ತಂದೆಯವರ ರೂಢಿಯಂತೆ ಗೊಬ್ಬರ, ಇನ್ನೊಂದರಲ್ಲಿ ಮಣ್ಣು ಪರೀಕ್ಷೆ ಹೇಳಿದಷ್ಟೇ ಗೊಬ್ಬರ. ಖರ್ಚು, ಕೂಲಿ, ಕಾಳು, ಹುಲ್ಲು ಎಲ್ಲದರ ಲೆಕ್ಕವನ್ನೂ ಹಾಲಿನ ಡೇರಿಯ ಗೋಡೆಗೆ ಅಂಟಿಸುತ್ತೇನೆ. ಲಾಭವಾದರೆ ಲಾಭ, ನಷ್ಟವಾದರೆ ನಷ್ಟ ಎಂದೇ ಬರೆಯುತ್ತೇನೆ.

ತಮ್ಮಲ್ಲಿಯೂ ಒಂದು ಬೇಡಿಕೆ. 2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಚೀಟಿ ಯೋಜನೆಯಲ್ಲಿ ಮಣ್ಣಿನ 12 ಗುಣಗಳನ್ನು ಪರೀಕ್ಷಿಸುತ್ತಾರೆ. ಆದರೆ ಮಣ್ಣು ತೆಗೆಯುವ ಕ್ರಮ ತಪ್ಪಿದರೆ ಚೀಟಿಯೂ ತಪ್ಪು ಹೇಳುತ್ತದೆ. ಕೊಯ್ಲಾದ ಮೇಲೆ, ಗೊಬ್ಬರ ಹಾಕುವ ಮೊದಲು ಮಣ್ಣು ತೆಗೆಯಬೇಕು. ಬದು, ಮರದ ನೆರಳು, ತಿಪ್ಪೆ ಇದ್ದ ಜಾಗ ಬಿಡಬೇಕು. ಹೊಲದ ಎಂಟು ಹತ್ತು ಕಡೆ ನೇಗಿಲ ಸಾಲಿನ ಆಕಾರದಲ್ಲಿ ಆರು ಅಂಗುಲ ಆಳದ ಗುಂಡಿ ತೆಗೆದು, ಗುಂಡಿಯ ಪಕ್ಕದ ಮಣ್ಣನ್ನು ಮೇಲಿನಿಂದ ಕೆಳಗಿನವರೆಗೆ ಬಿದಿರಿನ ಪಟ್ಟಿಯಿಂದ ಕೆರೆದುಕೊಳ್ಳಬೇಕು. ಎಲ್ಲವನ್ನೂ ಬೆರೆಸಿ ಹರಡಿ, ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡು ಭಾಗ ಬಿಡಬೇಕು. ಅರ್ಧ ಕಿಲೋ ಉಳಿಯುವವರೆಗೆ ಹೀಗೆ ಮಾಡಿ, ನೆರಳಿನಲ್ಲಿ ಒಣಗಿಸಿ, ಶುಭ್ರವಾದ ಬಟ್ಟೆಯ ಚೀಲದಲ್ಲಿ ಹೆಸರು, ಸರ್ವೆ ನಂಬರು ಬರೆದಿಡಬೇಕು. ಕೆಂಪು ನೆಲ ಬೇರೆ, ಸುಣ್ಣದ ನೆಲ ಬೇರೆ, ಅವನ್ನು ಕಲಸಬಾರದು. ಯಾರು ಕರೆದರೂ ನಾನು ಬಂದು ತೆಗೆದುಕೊಡುತ್ತೇನೆ. ಇದಕ್ಕೆ ಹಣ ಬೇಡ.

ಹಾಗೆ ಬಂದಾಗ, ತಮ್ಮ ಹೊಲದಲ್ಲಿ ಎಲ್ಲಿ ನೀರು ನಿಲ್ಲುತ್ತದೆ, ಎಲ್ಲಿ ಪೈರು ಮೊದಲು ಬಾಡುತ್ತದೆ ಎಂದು ನನಗೆ ಹೇಳಿರಿ. ನಾನು ತಪ್ಪಿದರೆ ಆ ಅಜ್ಜಿಯಂತೆ ಕೈ ಹಿಡಿದು ಹೊಲದೊಳಕ್ಕೆ ಕರೆದುಕೊಂಡು ಹೋಗಿರಿ. ಮುಂದಿನ ಸುಗ್ಗಿಯಾದ ಮೇಲೆ ಇದೇ ಕಟ್ಟೆಯ ಮುಂದೆ ನಿಂತು ನನ್ನ ಎಕರೆಯ ಲೆಕ್ಕವನ್ನು ಓದುತ್ತೇನೆ. ತಾವೆಲ್ಲರೂ ಬಂದು ಕೇಳಬೇಕೆಂದು ಬೇಡಿಕೊಂಡು ನನ್ನ ಮಾತು ಮುಗಿಸುತ್ತೇನೆ.