ಶೇಕಡಾ 51ರ ಒಡತಿ


2016ರ ಸ್ಟ್ಯಾಂಡ್ ಅಪ್ ಇಂಡಿಯಾ ಯೋಜನೆಯು ಪರಿಶಿಷ್ಟ ಜಾತಿ, ಪಂಗಡದವರಿಗೂ ಮಹಿಳೆಯರಿಗೂ ಹೊಸ ಉದ್ಯಮಕ್ಕೆ 10 ಲಕ್ಷದಿಂದ 1 ಕೋಟಿ ರೂಪಾಯಿವರೆಗೆ ಬ್ಯಾಂಕ್ ಸಾಲ ದೊರಕಿಸಿತು. ಸಂಸ್ಥೆಯಾದರೆ ಶೇಕಡಾ 51 ಪಾಲೂ ನಿಯಂತ್ರಣವೂ ಅವರದೇ ಆಗಿರಬೇಕಿತ್ತು. ನಮ್ಮವರು ಇದನ್ನು ಪಾಲಿಸಿದ ಬಗೆಯನ್ನು ಲೆಕ್ಕಪರಿಶೋಧಕನಾಗಿ ಬಲ್ಲೆ: ಪಾಲು ಸೊಸೆಯ ಹೆಸರಿನಲ್ಲಿ, ಚೆಕ್ ಪುಸ್ತಕ ಮಾವನ ಕಪಾಟಿನಲ್ಲಿ! ಅಚೌರ್ಯಾಣುವ್ರತವು ಇದಕ್ಕೆ ಅನ್ವಯಿಸದೇ?

2025ರ ಬಜೆಟ್ ಇದೇ ವರ್ಗಗಳ ಹೊಸ ಉದ್ಯಮಿಗಳಿಗೆ 2 ಕೋಟಿವರೆಗಿನ ಸಾಲವನ್ನು ಘೋಷಿಸಿದೆ. ಆದರೆ ಸ್ವಂತ ಬಂಡವಾಳದ ಪಾಲಿಲ್ಲದೆ ಬ್ಯಾಂಕ್ ಬಾಗಿಲು ತೆರೆಯುವುದು ಕಷ್ಟ. ವಿಧವೆಯೊಬ್ಬಳು ಅದನ್ನು ಎಲ್ಲಿಂದ ತಂದಾಳು? ಕಲಶದ ಸವಾಲಿನಲ್ಲಿ ಕೂಗುವಷ್ಟೇ ಹುರುಪಿನಿಂದ ಪ್ರತ್ಯೇಕ ನಿಧಿಯೊಂದನ್ನು ಕೂಡಿಸೋಣ (ದೇವದ್ರವ್ಯವನ್ನು ಮುಟ್ಟಬೇಕಾಗಿಲ್ಲ). ಅದು ದಾನವಾಗಿ ಅಲ್ಲ, ಬಡ್ಡಿಯಿಲ್ಲದ ಸಾಲವಾಗಿ ಸಲ್ಲಲಿ. ಅರ್ಜಿ ಹಾಕುವವರು ಜೈನರೇ ಆಗಿರಬೇಕೆಂಬ ಷರತ್ತು ಬೇಡ.