ಗೆಳೆಯರಿಗೊಂದು ಚಿತ್ರಕೂಟ

(ಹುಳಿಮಾವಿನ ಹವ್ಯಾಸಿ ಚಿತ್ರಕಾರರ ಕೂಟವೊಂದರಲ್ಲಿ ಮಾಡಿದ ಉಪನ್ಯಾಸದ ಪಾಠ)



ಗೃಹಪ್ರವೇಶ, ನಾಮಕರಣ, ಷಷ್ಟ್ಯಬ್ದಿ ಎಂದು ಕರೆ ಬಂದಾಗಲೆಲ್ಲ ಉಡುಗೊರೆಯಾಗಿ ಏನು ಕೊಡುವುದು ಎಂಬ ಪ್ರಶ್ನೆ ನಮ್ಮ ಮನೆಗಳಲ್ಲಿ ಏಳುತ್ತದೆ. ನೀವು ಅದಕ್ಕೊಂದು ಬೇರೆಯೇ ಉತ್ತರ ಹುಡುಕಿದ್ದೀರಿ. ಪುರಾಣ, ಕಾವ್ಯಗಳಲ್ಲಿ ಬರುವ ಬೆಟ್ಟ, ಹೊಳೆ, ವನಗಳನ್ನು ಕೈಯಾರೆ ಬರೆದು ಸ್ನೇಹಿತರಿಗೆ ಕೊಡಬೇಕೆಂಬುದು ನಿಮ್ಮ ಆಸೆ. ಒಳ್ಳೆಯ ಆಸೆ. ಆದರೆ ಕುಂಚ ಹಿಡಿದ ಕೂಡಲೇ ಒಂದು ತೊಡಕು ಎದುರಾಗುತ್ತದೆ. ದೇವತೆಗಳ ರೂಪ, ಬಣ್ಣ, ಆಯುಧಗಳು ಹೇಗಿರಬೇಕೆಂದು ತಿಳಿಸುವ ಗ್ರಂಥಗಳು ನಮ್ಮಲ್ಲಿವೆ. ಮುಮ್ಮಡಿ ಕೃಷ್ಣರಾಜ ಒಡೆಯರು ಸಿದ್ಧಪಡಿಸಿದ, ಒಂಬತ್ತು ನಿಧಿಗಳ ‘ಶ್ರೀತತ್ತ್ವನಿಧಿ’ ಅಂಥದೊಂದು ಭಂಡಾರ. ರಾಮ ಹೇಗಿರಬೇಕೆಂದು ಅಂಥ ಗ್ರಂಥ ತೆರೆದು ತಿಳಿಯಬಹುದು. ಆದರೆ ರಾಮ ಕುಳಿತ ಬೆಟ್ಟ ಹೇಗಿರಬೇಕು?

ನಮ್ಮ ಕಣ್ಣಿಗೆ ಒಗ್ಗಿಹೋದ ಉತ್ತರ ಕ್ಯಾಲೆಂಡರಿನದು. ನೀಲಿ ಬೆಟ್ಟ, ಜಲಪಾತ, ಎರಡು ಹಂಸ, ನಾಲ್ಕು ತಾವರೆ. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಮುದ್ರಣಾಲಯ ತೆರೆದ ಮೇಲೆ ದೇವರ ಚಿತ್ರಗಳು ಬಡವರ ಮನೆಯ ಗೋಡೆಗೂ ಬಂದವು. ಅದು ದೊಡ್ಡ ಉಪಕಾರವೇ ಸರಿ. ಆದರೆ ಅಚ್ಚಿನಿಂದ ಅಚ್ಚಿಗೆ ನಕಲಾಗುತ್ತ ಹೋದಂತೆ ಪಂಚವಟಿ, ಬೃಂದಾವನ, ಕೈಲಾಸ ಎಲ್ಲಕ್ಕೂ ಒಂದೇ ಹಿನ್ನೆಲೆ ಗಂಟುಬಿತ್ತು. ಆ ನಕಲಿನ ನಕಲನ್ನೇ ನೀವೂ ಮಾಡಿದರೆ ಕೈ ಪಳಗೀತು, ಕಣ್ಣು ಪಳಗದು. ಗೆಳೆಯನಿಗೂ ಅಂಗಡಿಯಲ್ಲಿ ಸಿಗುವ ಚಿತ್ರಕ್ಕೂ ನಿಮ್ಮ ಚಿತ್ರಕ್ಕೂ ವ್ಯತ್ಯಾಸ ಕಾಣದು.

ಹಾಗಾದರೆ ಕಲಿಯುವುದು ಎಲ್ಲಿಂದ? ಮೊದಲು ನಮ್ಮ ಮೈಸೂರು ಸಂಪ್ರದಾಯವನ್ನೇ ನೋಡೋಣ. 1565ರಲ್ಲಿ ವಿಜಯನಗರ ಬಿದ್ದ ಮೇಲೆ ಚೆದುರಿದ ಚಿತ್ರಗಾರ ಮನೆತನಗಳಿಗೆ ಶ್ರೀರಂಗಪಟ್ಟಣ, ಮೈಸೂರುಗಳಲ್ಲಿ ಆಶ್ರಯ ದೊರೆತು ಬೆಳೆದ ಕಲೆ ಇದು. ಹುಣಸೆ ಕಡ್ಡಿಗಳನ್ನು ಕಬ್ಬಿಣದ ಕೊಳವೆಯಲ್ಲಿ ಸುಟ್ಟು ಮಾಡಿದ ಇದ್ದಿಲಿನಿಂದ ಮೊದಲ ಗೆರೆ. ಅಳಿಲಿನ ಕೂದಲಿನ ಕುಂಚದಿಂದ ಸೂಕ್ಷ್ಮ ಕೆಲಸ. ಆಭರಣ, ಪೀಠಗಳಿಗೆ ತೆಳುವಾದ ಉಬ್ಬು ಕೆಲಸ, ಅದರ ಮೇಲೆ ಚಿನ್ನದ ರೇಕು. ಇವೆಲ್ಲ ನಿಮ್ಮಲ್ಲಿ ಹಲವರಿಗೆ ಗೊತ್ತು. ಆದರೆ ಬಣ್ಣ ಹಾಕುವ ಕ್ರಮವನ್ನು ಗಮನಿಸಿದ್ದೀರಾ? ಮೊದಲು ಆಕಾಶ, ಆಮೇಲೆ ಬೆಟ್ಟ ಮತ್ತು ನದಿ, ಅನಂತರವೇ ಪ್ರಾಣಿಗಳು ಮತ್ತು ಮನುಷ್ಯರು. ದೇವರು ಬರುವ ಮೊದಲು ಜಗತ್ತು ಸಿದ್ಧವಾಗಿರಬೇಕು! ನಿಸರ್ಗ ಎಂದರೆ ಉಳಿದ ಜಾಗ ತುಂಬಿಸುವ ಬಣ್ಣವಲ್ಲ ಎಂಬುದಕ್ಕೆ ಈ ಕ್ರಮವೇ ಸಾಕ್ಷಿ.

ಎರಡನೆಯ ಗುರು ಮೂಲ ಗ್ರಂಥ. ವಾಲ್ಮೀಕಿ ರಾಮಾಯಣದ ಪ್ರಚಲಿತ ಪಾಠದಲ್ಲಿ ಅಯೋಧ್ಯಾಕಾಂಡದ 94ನೆಯ ಸರ್ಗವನ್ನು ತೆರೆಯಿರಿ. ರಾಮ ಸೀತೆಗೆ ಚಿತ್ರಕೂಟವನ್ನು ತೋರಿಸುವ ಸಂದರ್ಭ. ಅಲ್ಲಿ ಮರಗಳ ಒಂದು ಪಟ್ಟಿಯೇ ಇದೆ: ಮಾವು, ನೇರಳೆ, ಹಲಸು, ಬಿಲ್ವ, ಬಿದಿರು, ನೆಲ್ಲಿ. ಇವುಗಳಲ್ಲಿ ಯಾವುದು ನೀವು ಕಾಣದ ಮರ? ಮಾವನ್ನು ಹೆಸರಿನಲ್ಲೇ ಹೊತ್ತ ಊರಿನವರು ಪುರಾಣದ ವನಕ್ಕಾಗಿ ಕ್ಯಾಲೆಂಡರ್ ನೋಡಬೇಕೆ?

ಆ ಸರ್ಗದಲ್ಲಿ ಇನ್ನೂ ಒಂದು ಮಾತಿದೆ. ರಾಜ್ಯ ಹೋಯಿತು, ಬಂಧುಗಳು ದೂರವಾದರು. ಆದರೂ ಈ ಬೆಟ್ಟವನ್ನು ನೋಡುತ್ತಿದ್ದರೆ ತನ್ನ ಮನಸ್ಸಿಗೆ ಬಾಧೆಯಿಲ್ಲ ಎಂಬ ಅರ್ಥದ ಮಾತನ್ನು ರಾಮ ಹೇಳುತ್ತಾನೆ. ಮನೆ ಕಳೆದುಕೊಂಡವನೊಬ್ಬ ತನ್ನ ಜೊತೆಯವಳಿಗೆ ಕೊಡಲು ಉಳಿದಿದ್ದು ಒಂದು ನೋಟ ಮಾತ್ರ. ಅದನ್ನೇ ಕೊಟ್ಟ. ನೀವು ಮಾಡಹೊರಟಿರುವುದೂ ಅದನ್ನೇ ಅಲ್ಲವೇ?

ಪುರಾಣದ ಬೆಟ್ಟಕ್ಕೆ ನಮ್ಮ ಊರಿನ ಬಂಡೆಯ ಚಹರೆ ಕೊಡುವುದು ಅಪಚಾರವಾದೀತೇ ಎಂದು ಕೆಲವರಿಗೆ ಅಳುಕು. ಹತ್ತನೆಯ ಶತಮಾನದ ಪಂಪನಿಗೆ ಆ ಅಳುಕಿರಲಿಲ್ಲ. ‘ವಿಕ್ರಮಾರ್ಜುನ ವಿಜಯ’ದಲ್ಲಿ ಅರ್ಜುನನ ತೀರ್ಥಯಾತ್ರೆಯ ನಡುವೆ ಅವನು ತನ್ನ ಪ್ರೀತಿಯ ಬನವಾಸಿಯನ್ನು ತಂದು ಕೂರಿಸಿದ. ಇನ್ನು ಕಿಷ್ಕಿಂಧೆಯಂತೂ ನಂಬಿಕೆಯ ಪ್ರಕಾರ ನಮ್ಮ ಹಂಪಿ, ಆನೆಗೊಂದಿಯ ಸುತ್ತಮುತ್ತಲೇ ಇದೆ. ಪಂಪಾ ಸರೋವರವಿದೆ, ಮಾಲ್ಯವಂತ ಬೆಟ್ಟವಿದೆ. ಕಿಷ್ಕಿಂಧಾಕಾಂಡದ 28ನೆಯ ಸರ್ಗದಲ್ಲಿ ರಾಮ ಮಳೆಗಾಲವನ್ನು ವರ್ಣಿಸುವುದು ಆ ಬೆಟ್ಟದ ಮೇಲೆಯೇ. ಅಲ್ಲಿ ಮಳೆಯಲ್ಲಿ ನೆನೆವ ಬೆಟ್ಟಗಳಿಗೆ ವೇದಾಭ್ಯಾಸಕ್ಕೆ ಕುಳಿತ ವಟುಗಳ ಹೋಲಿಕೆಯುಂಟು. ಹಂಪಿಯ ಗುಂಡುಗಲ್ಲುಗಳನ್ನು ಆಷಾಢದ ಮೋಡದ ಕೆಳಗೆ ಒಮ್ಮೆ ನೋಡಿ ಬನ್ನಿ. ಜಲಪಾತ, ಹಂಸಗಳನ್ನು ಬರೆಯಲು ಆಮೇಲೆ ಮನಸ್ಸೇ ಬಾರದು.

ಗ್ರಂಥ ಓದುವುದನ್ನೂ ನಿಸರ್ಗ ನೋಡುವುದನ್ನೂ ಎರಡನ್ನೂ ಸಾಧಿಸಿದವರೊಬ್ಬರು ನಮ್ಮಲ್ಲೇ ಇದ್ದರು. ಚಿತ್ರಗಾರ ಮನೆತನದಲ್ಲಿ ಹುಟ್ಟಿ, ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಬಳಿ ಕಲಿತ ಕೆ. ವೆಂಕಟಪ್ಪ (1886–1965). ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿ ಅವರ 1913ರ ಪುರಾಣ ಕಥೆಗಳ ಪುಸ್ತಕಕ್ಕೆ ರಾಮಾಯಣದ ಚಿತ್ರಗಳನ್ನು ಬರೆದ ಕೈಯೇ ಮುಂದೆ ಊಟಿ, ಕೊಡೈಕನಾಲ್‌ಗಳ ಬೆಟ್ಟ, ಮಂಜು, ಬೆಳಕನ್ನು ಜಲವರ್ಣದಲ್ಲಿ ಹಿಡಿಯಿತು. ಬೆಂಗಳೂರಿನ ಕಸ್ತೂರಬಾ ರಸ್ತೆಯ ಚಿತ್ರಶಾಲೆ ಅವರ ಹೆಸರಿನದೇ.

ನಿಸರ್ಗ ಚಿತ್ರವನ್ನು ಕಾಣಿಕೆಯಾಗಿ ಕೊಡುವ ಪದ್ಧತಿ ಚೀನಾದ ವಿದ್ವಾಂಸರಲ್ಲಿ ಬಹಳ ಹಿಂದಿನಿಂದ ಇತ್ತು. 1467ರಲ್ಲಿ ಶೆನ್ ಝೌ ಎಂಬ ಚಿತ್ರಕಾರ ತನ್ನ ಗುರುವಿನ ಎಪ್ಪತ್ತನೆಯ ಹುಟ್ಟುಹಬ್ಬಕ್ಕೆ ಲೂ ಎಂಬ ಪರ್ವತವನ್ನು ಬರೆದುಕೊಟ್ಟ. ಗುರುವಿನ ಭಾವಚಿತ್ರವನ್ನು ಬರೆಯಲಿಲ್ಲ. ಮುಗಿಲೆತ್ತರದ ಬೆಟ್ಟ, ಅದರ ಬುಡದಲ್ಲಿ ಇರುವೆಯಷ್ಟು ಚಿಕ್ಕ ಒಬ್ಬ ಮನುಷ್ಯ. ಹೇಳಬೇಕಾದ ಗೌರವವನ್ನೆಲ್ಲ ಬೆಟ್ಟವೇ ಹೇಳಿತು.

ನೀವೂ ಹೀಗೆಯೇ ವ್ಯಕ್ತಿಯನ್ನು ನೆನೆದು ಪ್ರಸಂಗವನ್ನು ಆರಿಸಿರಿ. ಹೊಸ ಮನೆ ಹೊಕ್ಕವರಿಗೆ ಚಿತ್ರಕೂಟ. ಮಗನ ಪತ್ರಕ್ಕೋ ಕಾಯಿಲೆಯ ಗುಣಕ್ಕೋ ಕಾಯುತ್ತಿರುವವರಿಗೆ ಮಾಲ್ಯವಂತದ ಮಳೆಗಾಲ, ಏಕೆಂದರೆ ಅದು ಕಾಯುವಿಕೆಯ ಕಾಂಡ, ಮಳೆಯ ಹಿಂದೆಯೇ ಶರತ್ಕಾಲವೂ ಬರುತ್ತದೆ. ಋತುಗಳನ್ನು ಮಾತ್ರ ಕಲಸಬೇಡಿ. ಮಳೆಗಾಲದ ಬೆಟ್ಟಕ್ಕೆ ವಸಂತದ ಮಾವಿನ ಹೂ ಇಟ್ಟರೆ ಗ್ರಂಥವೂ ಒಪ್ಪದು, ಮಾವಿನ ಮರವೂ ಒಪ್ಪದು.

ಕೊನೆಯದಾಗಿ ಒಂದು ಕಹಿ ಮಾತು. 2019ರ ನವೆಂಬರ್ 24ರಂದು ಇದೇ ಹುಳಿಮಾವು ಕೆರೆಯ ಏರಿ ಒಡೆದು ನೂರಾರು ಮನೆಗಳಿಗೆ ನೀರು ನುಗ್ಗಿತು. ಕೆರೆ ಎಲ್ಲಿದೆ, ಅದರ ನೀರು ಯಾವ ಕಡೆಗೆ ಹರಿಯುತ್ತದೆ ಎಂದು ಅನೇಕರು ಯೋಚಿಸಿದ್ದೇ ಅಂದು. ಸರೋವರವನ್ನು ಕ್ಯಾಲೆಂಡರಿನಲ್ಲಿ ಮಾತ್ರ ನೋಡುವವರಿಗೆ ಮನೆ ಪಕ್ಕದ ಕೆರೆ ಕಾಣುವುದಿಲ್ಲ. ಪುರಾಣದ ನೆಪದಲ್ಲಾದರೂ ಅದನ್ನು ನೋಡಲು ಕಲಿತರೆ, ಚಿತ್ರದ ಜೊತೆಗೆ ಕೆರೆಗೂ ನಾಲ್ಕು ಜನ ಗೆಳೆಯರು ಸಿಕ್ಕಾರು.

ಆದ್ದರಿಂದ ಮೊದಲ ಪಾಠ ಇಲ್ಲೇ ಆಗಲಿ. ಒಂದು ಬೆಳಿಗ್ಗೆ ಕೆರೆಯ ಏರಿ, ಇನ್ನೊಂದು ಬೆಳಿಗ್ಗೆ ನಮ್ಮ ರಾಮಲಿಂಗೇಶ್ವರ ಗುಹಾಲಯದ ಬಂಡೆ, ಮೂರನೆಯ ದಿನ ಒಂದೇ ಒಂದು ಮಾವಿನ ಮರ. ಬಣ್ಣ ಬೇಡ, ಇದ್ದಿಲು ಸಾಕು. ಚಿತ್ರ ಮುಗಿದು ಚೌಕಟ್ಟು ಹಾಕಿಸುವ ಮುನ್ನ ಅದರ ಹಿಂಬದಿಯಲ್ಲಿ ಮೂರು ಸಂಗತಿ ಬರೆಯಿರಿ: ಗ್ರಂಥದ ಯಾವ ಭಾಗ, ಬೆಟ್ಟ ಅಥವಾ ಮರವನ್ನು ನೀವು ನೋಡಿದ್ದು ಎಲ್ಲಿ, ಯಾರಿಗಾಗಿ ಬರೆದದ್ದು.