ವೆಬ್ ಪುಟಕ್ಕೊಂದು ಕಾಣದ ಹೆಸರುಹಲಗೆ

ಬೀದರ್ ಜಿಲ್ಲೆಯ ಔರಾದ್ ತಾಲ್ಲೂಕಿನ ರೈತರ ಮನೆಯ ಮಕ್ಕಳಿಗೆ ದೇವಣಿ ಎಂದರೆ ಮೊದಲು ಹೊಳೆಯುವುದು ದನ. ಬಿಳಿ ಮೈಮೇಲೆ ಕಪ್ಪು ಮಚ್ಚೆ, ಜೋತುಬಿದ್ದ ಕಿವಿ. ಹಾಲಿಗೂ ಸೈ, ಹೊಲದ ಕೆಲಸಕ್ಕೂ ಸೈ. ಆದರೆ ಗಡಿ ದಾಟಿ ಮಹಾರಾಷ್ಟ್ರದ ಲಾತೂರ್ ಜಿಲ್ಲೆಗೆ ಹೋದರೆ ದೇವಣಿ ಎಂಬ ಊರೇ ಇದೆ, ಅದೊಂದು ತಾಲ್ಲೂಕು ಕೇಂದ್ರ. ಇನ್ನೊಂದು ಸೋಜಿಗ ಕೇಳಿ: ಅದೇ ಲಾತೂರ್ ಜಿಲ್ಲೆಯಲ್ಲಿ ಔರಾದ್ ಶಹಾಜಾನಿ ಎಂಬ ಇನ್ನೊಂದು ಔರಾದ್ ಕೂಡ ಇದೆ!

ಈಗ ಒಬ್ಬ ಹುಡುಗಿ ಮೊಬೈಲಿನಲ್ಲಿ 'ಔರಾದ್ ದೇವಣಿ' ಎಂದು ಹುಡುಕಿದಳು ಎನ್ನೋಣ. ಅವಳಿಗೆ ಬೇಕಾದದ್ದು ಆಕಳೋ, ಊರೋ? ಯಾವ ಔರಾದ್? ಪಕ್ಕದಲ್ಲಿ ಅಜ್ಜ ಕೂತಿದ್ದರೆ "ಯಾವುದು ಮಗಾ?" ಎಂದು ಕೇಳುತ್ತಿದ್ದರು. ಕಂಪ್ಯೂಟರ್ ಅದನ್ನು ಬೇರೆ ದಾರಿಯಲ್ಲಿ ತಿಳಿದುಕೊಳ್ಳಬೇಕು. ಅದಕ್ಕೆ ನೆರವಾಗುವುದೇ ಮೆಟಾಡೇಟಾ.

ಪುಟದ ತಲೆಯಲ್ಲಿ ಅಡಗಿದ ಸಾಲುಗಳು

ವೆಬ್ ಪುಟದಲ್ಲಿ ನಮಗೆ ಕಾಣುವುದು ಬರಹ ಮತ್ತು ಚಿತ್ರ. ಅದರ ಹಿಂದೆ, ಪುಟದ ತಲೆಭಾಗದಲ್ಲಿ, ಕಂಪ್ಯೂಟರ್ ಓದಲೆಂದೇ ಬರೆದ ಕೆಲವು ಸಾಲುಗಳಿರುತ್ತವೆ. ಇವೇ ಮೆಟಾಡೇಟಾ. ಈ ಪುಟದ ಹೆಸರೇನು, ಇದು ಯಾವುದರ ಬಗ್ಗೆ, ಬರೆದವರು ಯಾರು, ಯಾವಾಗ ಬರೆದದ್ದು, ಯಾವ ಭಾಷೆಯಲ್ಲಿದೆ ಎಂಬುದನ್ನೆಲ್ಲ ಅವು ಹೇಳುತ್ತವೆ. ಅಂಗಡಿಯ ಬಾಗಿಲ ಮೇಲಿನ ಹೆಸರುಹಲಗೆಯ ಹಾಗೆ, ಒಳಗೆ ಹೋಗುವ ಮೊದಲೇ ಒಳಗಿರುವುದನ್ನು ತಿಳಿಸುವುದು ಇವುಗಳ ಕೆಲಸ. ಹುಡುಕು ಯಂತ್ರದಲ್ಲಿ ಹುಡುಕಿದಾಗ ಪ್ರತಿ ಕೊಂಡಿಯ ಕೆಳಗೆ ಒಂದೆರಡು ಸಾಲು ಕಾಣುತ್ತವಲ್ಲ, ಅವು ಎಷ್ಟೋ ಸಲ ಇಲ್ಲಿಂದಲೇ ಬಂದಿರುತ್ತವೆ.

ಇಂಥ ವಿವರಗಳಿಗೆ ಒಂದು ಶಿಸ್ತು ಬೇಕೆಂದು 1995ರಲ್ಲಿ ಅಮೆರಿಕದ ಡಬ್ಲಿನ್ ಎಂಬ ಊರಿನಲ್ಲಿ ಗ್ರಂಥಾಲಯ ಮತ್ತು ಕಂಪ್ಯೂಟರ್ ಬಲ್ಲವರು ಸೇರಿ ಚರ್ಚಿಸಿದರು. ಅಲ್ಲಿಂದ ಬೆಳೆದದ್ದೇ 'ಡಬ್ಲಿನ್ ಕೋರ್' ಎಂಬ ಪಟ್ಟಿ. ಅದರಲ್ಲಿ ಮುಖ್ಯವಾಗಿ 15 ಅಂಶಗಳಿವೆ: ಶೀರ್ಷಿಕೆ, ಕರ್ತೃ, ವಿಷಯ, ವಿವರಣೆ, ದಿನಾಂಕ, ಭಾಷೆ ಹೀಗೆ.

ಬೀದರ್ ನಗರದ ನೌಬಾದ್‌ನಲ್ಲಿರುವ ಸುರಂಗ ಬಾವಿಯ ಬಗ್ಗೆ ಒಂದು ಪುಟ ಇದೆ ಎಂದುಕೊಳ್ಳಿ. ಅದರ ಮೆಟಾಡೇಟಾ ಹೀಗಿರಬಹುದು:

ಶೀರ್ಷಿಕೆ: ನೌಬಾದ್‌ನ ಸುರಂಗ ಬಾವಿ
ವಿವರಣೆ: ಬಹಮನಿ ಸುಲ್ತಾನರ ಕಾಲದಲ್ಲಿ ನೆಲದಡಿ ಕೊರೆದ ಕಾಲುವೆ. ಪಂಪ್ ಇಲ್ಲದೆ, ಇಳಿಜಾರಿನ ಬಲದಿಂದಲೇ ಅಂತರ್ಜಲ ಹರಿದು ಬರುವ ಬಗೆ.
ವಿಷಯ: ಸುರಂಗ ಬಾವಿ, ಕರೇಜ್, ಅಂತರ್ಜಲ, ಬಹಮನಿ
ಸ್ಥಳ: ಬೀದರ್, ಕರ್ನಾಟಕ
ಭಾಷೆ: ಕನ್ನಡ

'ವಿಷಯ'ದ ಸಾಲು ನೋಡಿ. ಒಬ್ಬರು ಸುರಂಗ ಬಾವಿ ಎನ್ನುತ್ತಾರೆ, ಇನ್ನೊಬ್ಬರು ಕರೇಜ್ ಎನ್ನುತ್ತಾರೆ. ಎರಡೂ ಹೆಸರು ಇಲ್ಲಿರುವುದರಿಂದ, ಈ ಸಾಲನ್ನು ಬಳಸುವ ಹುಡುಕು ವ್ಯವಸ್ಥೆಗಳಲ್ಲಿ ಯಾರು ಹೇಗೆ ಹುಡುಕಿದರೂ ಪುಟ ಸಿಗುವ ಸಾಧ್ಯತೆ ಹೆಚ್ಚು.

ಯಂತ್ರ ಇದನ್ನು ಹೇಗೆ ಬರೆಯುತ್ತದೆ?

ಕೋಟಿಗಟ್ಟಲೆ ಪುಟಗಳಿಗೆ ಮನುಷ್ಯರೇ ಕೂತು ವಿವರಣೆ ಬರೆಯಲಾಗದು. ಆದ್ದರಿಂದ ಈ ಕೆಲಸವನ್ನು ಕಂಪ್ಯೂಟರಿಗೆ ಕಲಿಸಿದ್ದಾರೆ.

ಅದು ಮೊದಲು ಪುಟದ ಪದಗಳನ್ನು ಎಣಿಸುತ್ತದೆ. 'ಮತ್ತು', 'ಈ', 'ಒಂದು' ಎಂಬಂಥ ಪದಗಳು ಬಹಳ ಸಲ ಬರುತ್ತವೆ. ಆದರೆ ಅವು ಎಲ್ಲ ಪುಟಗಳಲ್ಲೂ ಬರುತ್ತವೆ. 'ಕರೇಜ್' ಹಾಗಲ್ಲ. ಈ ಪುಟದಲ್ಲಿ ಮತ್ತೆ ಮತ್ತೆ ಬರುತ್ತದೆ, ಬೇರೆಡೆ ಅಪರೂಪ. ಹಾಗಾದರೆ ಇದೇ ಮುಖ್ಯ ಪದವಿರಬೇಕು! ಅಪರೂಪದ ಪದಕ್ಕೆ ಹೆಚ್ಚು ತೂಕ ಕೊಡಬೇಕೆಂಬ ಈ ಜಾಣ ಉಪಾಯವನ್ನು ಬ್ರಿಟನ್ನಿನ ವಿಜ್ಞಾನಿ ಕರೆನ್ ಸ್ಪಾರ್ಕ್ ಜೋನ್ಸ್ 1972ರಲ್ಲಿ ಪ್ರಕಟಿಸಿದರು. ಇಂದಿಗೂ ಇದು ಬಳಕೆಯಲ್ಲಿದೆ.

ಕನ್ನಡದಲ್ಲಿ ಎಣಿಸುವುದು ಇನ್ನೂ ಸ್ವಾರಸ್ಯಕರ. ಬೀದರ್‌ಗೆ, ಬೀದರ್‌ನಲ್ಲಿ, ಬೀದರ್‌ನಿಂದ, ಬೀದರ್‌ನವರು – ಇವೆಲ್ಲ ಒಂದೇ ಊರಿನ ಮಾತೆಂದು ನಿಮಗೆ ಗೊತ್ತು. ಕಂಪ್ಯೂಟರ್ ಮಾತ್ರ ಮೊದಮೊದಲು ಅವನ್ನು ನಾಲ್ಕು ಬೇರೆ ಬೇರೆ ಪದಗಳೆಂದೇ ತಿಳಿಯುತ್ತದೆ. ಪ್ರತ್ಯಯ ಬಿಡಿಸಿ ಮೂಲಪದ ಗುರುತಿಸುವುದನ್ನು ಅದಕ್ಕೆ ಕಲಿಸಬೇಕು. ನೀವು ಶಾಲೆಯಲ್ಲಿ ಕಲಿಯುವ ವಿಭಕ್ತಿ ಪ್ರತ್ಯಯಗಳು ಇಲ್ಲಿ ವಿಜ್ಞಾನಿಗಳಿಗೂ ಬೇಕು!

ಈಗಿನ ಕೃತಕ ಬುದ್ಧಿಮತ್ತೆಯ ಯಂತ್ರಗಳು ಇಡೀ ಪುಟ ಓದಿ, ಎರಡು ಸಾಲಿನ ವಿವರಣೆಯನ್ನು ತಾವೇ ಬರೆಯುತ್ತವೆ. ಆದರೆ ಪುಟದಲ್ಲಿ ಇಲ್ಲದ್ದನ್ನೂ ಅವು ಸೇರಿಸಿಬಿಡಬಹುದು. ಬೀದರ್ ಜಿಲ್ಲೆಯ ಔರಾದನ್ನು ಲಾತೂರ್ ಜಿಲ್ಲೆಗೆ ಕಳಿಸಿಬಿಡಬಹುದು! ಆದ್ದರಿಂದ ಊರು ಬಲ್ಲವರೊಬ್ಬರು ಓದಿ ತಿದ್ದಲೇಬೇಕು.

ಹೊರಗಿನ ಹಲಗೆ, ಒಳಗಿನ ಪಾಠ

ಹಲಗೆಗೆ ಎಷ್ಟು ಶಕ್ತಿ ಇದೆ ಎಂಬುದಕ್ಕೆ ಬೀದರ್ ಜಿಲ್ಲೆಯ ಭಾಲ್ಕಿಯಲ್ಲೇ ಒಂದು ಕಥೆಯಿದೆ. ಬೀದರ್ ಸೀಮೆ ಹೈದರಾಬಾದ್ ನಿಜಾಮರ ಆಳ್ವಿಕೆಯಲ್ಲಿದ್ದಾಗ ಉರ್ದು ಆಡಳಿತದ ಭಾಷೆಯಾಗಿತ್ತು, ಕನ್ನಡ ಕಲಿಸುವುದು ಸುಲಭವಿರಲಿಲ್ಲ. ಆಗ ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ಶಾಲೆಯ ಹೊರಗೆ ಉರ್ದು ಹಲಗೆ ತೂಗುಹಾಕಿ, ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದರು. ಹಲಗೆಯನ್ನು ಯಾರು ಓದುತ್ತಾರೆ, ಪಾಠವನ್ನು ಯಾರು ಕೇಳುತ್ತಾರೆ ಎಂಬುದನ್ನು ಅವರು ಚೆನ್ನಾಗಿ ಬಲ್ಲವರಾಗಿದ್ದರು.

ಇಂದು ನಮಗೆ ಆ ಕಷ್ಟವಿಲ್ಲ. ಆದರೂ ಎಷ್ಟೋ ಕನ್ನಡ ಪುಟಗಳ ಒಳಗೆ ಕನ್ನಡವಿದ್ದು, ವಿವರಣೆಯ ಸಾಲು ಇಂಗ್ಲಿಷಿನಲ್ಲಿರುತ್ತದೆ, ಇಲ್ಲವೇ ಖಾಲಿ ಇರುತ್ತದೆ. ಆಗ ಕನ್ನಡದಲ್ಲಿ ಹುಡುಕುವ ಮಗುವಿಗೆ ತನಗೆ ಬೇಕಾದ ಪುಟ ಅದೇ ಎಂದು ತಿಳಿಯುವುದು ಕಷ್ಟವಾಗಬಹುದು. ಭಾಷೆಯ ಗುರುತು ಇನ್ನೊಂದು ಕಾರಣಕ್ಕೂ ಮುಖ್ಯ. ಕಣ್ಣು ಕಾಣದವರಿಗೆ ಪುಟವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶಗಳಿವೆ. ಯಾವ ಭಾಷೆಯ ಧ್ವನಿಯಲ್ಲಿ ಓದಬೇಕೆಂದು ಅವು ಈ ಗುರುತಿನಿಂದ ತಿಳಿಯುತ್ತವೆ. ಬೀದರಿನಲ್ಲಿ ಕನ್ನಡ, ಉರ್ದು, ಮರಾಠಿ, ತೆಲುಗು ಎಲ್ಲವೂ ಕಿವಿಗೆ ಬೀಳುತ್ತವೆ. ಮರಾಠಿ, ಹಿಂದಿ ಎರಡಕ್ಕೂ ಲಿಪಿ ಒಂದೇ. ಬರೀ ಅಕ್ಷರ ನೋಡಿ ಭಾಷೆ ಹೇಳಲಾಗದು.

ಹಲಗೆಯಲ್ಲಿ ಸುಳ್ಳು ಬರೆದರೆ ಏನಾಗುತ್ತದೆ? ಹಿಂದೆ ಕೆಲವರು ತಮ್ಮ ಪುಟಕ್ಕೆ ಜನ ಬರಲೆಂದು ಮೆಟಾಡೇಟಾದ ಪದಪಟ್ಟಿಯಲ್ಲಿ ಸಂಬಂಧವಿಲ್ಲದ ಪದಗಳನ್ನೆಲ್ಲ ತುಂಬುತ್ತಿದ್ದರು. ಪುಟಗಳನ್ನು ಸಾಲಾಗಿ ಜೋಡಿಸುವಾಗ ಆ ಪದಪಟ್ಟಿಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ ಎಂದು ಗೂಗಲ್ 2009ರಲ್ಲಿ ಹೇಳಿತು. ಕೆಲವರ ಸುಳ್ಳಿನಿಂದ ನಿಜ ಬರೆದವರ ಪದಗಳಿಗೂ ಬೆಲೆ ಹೋಯಿತು.

ನೀವೇ ಮಾಡಿ ನೋಡಿ

ನಿಮಗೆ ಗೊತ್ತಿರುವ ಒಂದು ವಿಷಯ ಆರಿಸಿಕೊಳ್ಳಿ: ಬಿದ್ರಿ ಕುಸುರಿಯ ಹೂದಾನಿ, ಭಾಲ್ಕಿ ಕೋಟೆ, ಔರಾದಿನ ಅಮರೇಶ್ವರ ಜಾತ್ರೆ, ದೇವಣಿ ಆಕಳು. ಶೀರ್ಷಿಕೆ, ಎರಡು ಸಾಲಿನ ವಿವರಣೆ, ಐದು ವಿಷಯ ಪದ, ಸ್ಥಳ, ಭಾಷೆ – ಇಷ್ಟನ್ನು ಒಂದು ಚೀಟಿಯಲ್ಲಿ ಬರೆಯಿರಿ. 'ಬಹಳ ಚೆನ್ನಾಗಿದೆ', 'ಸುಪ್ರಸಿದ್ಧ' ಎಂಬ ಮಾತು ಬೇಡ. ಅವು ಯಾವ ವಸ್ತುವಿಗೂ ಹೊಂದುತ್ತವೆ. ಬಿದ್ರಿಯಾದರೆ ಸತು, ತಾಮ್ರ, ಬೆಳ್ಳಿ ತಂತಿ, ಬೀದರ್ ಕೋಟೆಯ ಮಣ್ಣು ಎಂದು ಬರೆಯಿರಿ; ಬೇರೆ ಕರಕುಶಲ ವಸ್ತುಗಳಿಂದ ಅದನ್ನು ಬೇರ್ಪಡಿಸುವುದು ಇವೇ.

ಈಗ ಶೀರ್ಷಿಕೆಯನ್ನು ಬೆರಳಿನಿಂದ ಮುಚ್ಚಿ, ಚೀಟಿಯನ್ನು ಗೆಳತಿಗೆ ಓದಲು ಕೊಡಿ. ಯಾವುದರ ಬಗ್ಗೆ ಎಂದು ಅವಳು ಊಹಿಸಿದರೆ ನಿಮ್ಮ ಮೆಟಾಡೇಟಾ ಗೆದ್ದಿತು. ತಪ್ಪಿದರೆ, ಯಾವ ಪದ ಇದ್ದಿದ್ದರೆ ಗೊತ್ತಾಗುತ್ತಿತ್ತು ಎಂದು ಅವಳನ್ನೇ ಕೇಳಿ, ಅದನ್ನು ಸೇರಿಸಿ. ಒಳ್ಳೆಯ ವಿವರಣೆ ಬರೆಯುವುದನ್ನು ಓದುವವರೇ ನಮಗೆ ಕಲಿಸುತ್ತಾರೆ.